ರಾಷ್ಟ್ರಜೀವನದ ಒಂದು ವರ್ಷ: 1947–48ರಲ್ಲಿ ರಾಯಚೂರು, ಮಾನ್ವಿ, ದೇವದುರ್ಗ

ಗ್ರೀಕರ ರಾಷ್ಟ್ರಜೀವನದಲ್ಲಿ 1821ನೆಯ ಇಸವಿಗೆ ಇರುವ ಹಿರಿತನವನ್ನು ಯೂರೋಪಿನ ಇತಿಹಾಸವನ್ನೋದಿದವರೆಲ್ಲರೂ ಬಲ್ಲರು. ತುರ್ಕರ ಆಳ್ವಿಕೆಯ ವಿರುದ್ಧ ಅವರು ಎದ್ದು ನಿಂತ ವರ್ಷ ಅದು. ಆ ವರ್ಷದ ಮಾರ್ಚ್ 25ನ್ನು ರಾಷ್ಟ್ರದ ಹಬ್ಬವೆಂದು ಹದಿನೇಳು ವರ್ಷಗಳ ಮೇಲೆ, 1838ರಲ್ಲಿ, ರಾಜಾಜ್ಞೆಯ ಮೂಲಕ ಗೊತ್ತುಮಾಡಲಾಯಿತು. ಆದರೆ ದಕ್ಷಿಣದ ಕಲಮಾಟಾ ಪಟ್ಟಣ ಗ್ರೀಕರ ಕೈಸೇರಿದ್ದು ಮಾರ್ಚ್ 23ರಂದು. ಮಾನಿ ಪ್ರಾಂತದವರು ತಮ್ಮಲ್ಲಿ 17ರಂದೇ ಬಂಡಾಯದ ಬಾವುಟ ಏರಿತೆಂದು ಇಂದಿಗೂ ಹೇಳಿಕೊಳ್ಳುತ್ತಾರೆ. ಸಾಲದುದಕ್ಕೆ ಈ ತಾರೀಖುಗಳೆಲ್ಲ ಹಳೆಯ ಜೂಲಿಯನ್ ಪಂಚಾಂಗದವು. ಪಶ್ಚಿಮ ಯೂರೋಪಿನ ಎಣಿಕೆಗಿಂತ ಹನ್ನೆರಡು ದಿನ ಹಿಂದೆ. ಹೀಗೆ ಹಬ್ಬದ ದಿನವೊಂದಾದರೂ ಅದರ ಹಿಂದಿರುವ ದಿನಗಳು ಊರಿಗೊಂದಾಗಿ ಹರಡಿಕೊಂಡಿವೆ.

ಗ್ರೀಕರ ಮಾತನ್ನು ನಾವಿಲ್ಲಿ ಎತ್ತಿದುದಕ್ಕೆ ಕಾರಣವುಂಟು. ನಮ್ಮ ರಾಯಚೂರು ಜಿಲ್ಲೆಯ ಪಾಲಿಗೆ ಅಂಥದೇ ಹಿರಿತನವುಳ್ಳ ವರ್ಷ 1947–48. ಈ ವರ್ಷವನ್ನು ತರಗತಿಗಳಲ್ಲಿ ಬೋಧಿಸುವಾಗ ನಾವು ಅದನ್ನು ಒಂದು ತಾರೀಖಿಗೆ, 1948ರ ಸೆಪ್ಟೆಂಬರ್ 17ಕ್ಕೆ, ಇಳಿಸಿಬಿಡುತ್ತೇವೆ. ಹಿಂದೆ ವಿಮೋಚನಾ ದಿನವೆಂದೂ, 2019ರಲ್ಲಿ ಹೈದರಾಬಾದು ಕರ್ನಾಟಕಕ್ಕೆ ಹೆಸರು ಬದಲಾದ ಮೇಲೆ ಕಲ್ಯಾಣ ಕರ್ನಾಟಕ ಉತ್ಸವವೆಂದೂ ಆ ದಿನ ಧ್ವಜ ಏರುತ್ತದೆ, ಭಾಷಣಗಳಾಗುತ್ತವೆ. ಅದು ಸರಿಯೇ. ಆದರೆ ಆ ವರ್ಷವನ್ನು ರಾಯಚೂರು ನಗರ ಬಾಳಿದ ಬಗೆ ಬೇರೆ, ಮಾನ್ವಿ ಬಾಳಿದ ಬಗೆ ಬೇರೆ, ದೇವದುರ್ಗ ಬಾಳಿದ ಬಗೆ ಬೇರೆ. ಈ ಭೇದಕ್ಕೆ ಜನರ ದೇಶಪ್ರೇಮದ ಹೆಚ್ಚು ಕಡಿಮೆ ಕಾರಣವೆಂದು ನಮಗೆ ತೋರುವುದಿಲ್ಲ. ಯಾವ ಊರಿನಿಂದ ಭಾರತದ ನೆಲಕ್ಕೆ ಎಂಥ ದಾರಿಯಿತ್ತು ಎಂಬುದೇ ಮುಖ್ಯ ಕಾರಣವೆಂಬುದು ಈ ಲೇಖನದಲ್ಲಿ ನಾವು ತೋರಿಸಬೇಕೆಂದಿರುವ ವಿಷಯ.

ಮೊದಲು ಕಾಲಗಣನೆಯ ಮಾತು. 1947ರ ಆಗಸ್ಟ್ 15 ಶುಕ್ರವಾರ. 1948ರ ಸೆಪ್ಟೆಂಬರ್ 17 ಕೂಡ ಶುಕ್ರವಾರ. ನಡುವೆ 399 ದಿನಗಳು, ಎಂದರೆ ಸರಿಯಾಗಿ 57 ವಾರಗಳು. ದೆಹಲಿಗೂ ಧಾರವಾಡಕ್ಕೂ ಬಳ್ಳಾರಿಗೂ ಮೊದಲನೆಯ ಶುಕ್ರವಾರ ಬಂದ ಸ್ವಾತಂತ್ರ್ಯ ರಾಯಚೂರಿಗೆ ಐವತ್ತೇಳು ವಾರ ತಡವಾಗಿ ಬಂತು. ಪಂಚಾಂಗದ ಪ್ರಕಾರ ಮೊದಲನೆಯದು ಸರ್ವಜಿತ್ ಸಂವತ್ಸರದ ಅಧಿಕ ಶ್ರಾವಣ ಮಾಸದಲ್ಲಿ ಬಿದ್ದರೆ, ಎರಡನೆಯದು ಸರ್ವಧಾರಿ ಸಂವತ್ಸರದ ಭಾದ್ರಪದದಲ್ಲಿ ಬಿತ್ತು. ಹಿಜರಿ ಲೆಕ್ಕದಲ್ಲಿ ಮೊದಲನೆಯದು 1366ರ ರಂಜಾನ್ ತಿಂಗಳ ಕೊನೆಯ ಶುಕ್ರವಾರ. ಎರಡನೆಯದು 1367ರ ಜಿಲ್ಕಾದ್ ತಿಂಗಳಿಗೆ ಸೇರಿದ್ದು. ಸರ್ಕಾರದ ಕಚೇರಿಗಳಲ್ಲಿ ನಡೆಯುತ್ತಿದ್ದುದು ಇವೆರಡೂ ಅಲ್ಲದ ಫಸಲಿ ಗಣನೆ. ಹೈದರಾಬಾದು ಸಂಸ್ಥಾನದಲ್ಲಿ ಫಸಲಿ ವರ್ಷವು ಆಜುರ್ ಮಾಸದೊಂದಿಗೆ, ಅಕ್ಟೋಬರ್ ತಿಂಗಳ ಮೊದಲ ವಾರದಲ್ಲಿ, ಆರಂಭವಾಗುತ್ತಿತ್ತು. ಆದ್ದರಿಂದ 1947ರ ಆಗಸ್ಟ್ ಫಸಲಿ 1356ಕ್ಕೂ 1948ರ ಸೆಪ್ಟೆಂಬರ್ ಫಸಲಿ 1357ಕ್ಕೂ ಸೇರುತ್ತವೆ. ಕಂದಾಯದ ಕಾಗದಗಳ ಮೇಲೆ ಇರುವುದು ಈ ಸಂಖ್ಯೆಯೇ. 1357 ಎಂದು ಬರೆದ ಕಾಗದವನ್ನು ಕಂಡು ಅದನ್ನು ಗುಲ್ಬರ್ಗದ ಬಹಮನಿ ಸುಲ್ತಾನರ ಕಾಲಕ್ಕೆ ಸೇರಿಸಿಬಿಟ್ಟ ವಿದ್ಯಾರ್ಥಿಯನ್ನು ನಾವು ಕಂಡದ್ದುಂಟು. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ತಾರೀಖಿಗೆ 590ನ್ನೂ, ಉಳಿದ ತಿಂಗಳುಗಳಿಗೆ 591ನ್ನೂ ಕೂಡಿಸಿಕೊಂಡರೆ ಇಸವಿ ದೊರೆಯುತ್ತದೆಂಬುದನ್ನು ಅಂಥವರು ಗಮನದಲ್ಲಿಟ್ಟುಕೊಳ್ಳಬೇಕು.

ಇನ್ನು ಭೂಗೋಳ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬ್ ಪ್ರದೇಶವು ದಕ್ಷಿಣಾಪಥದ ಅರಸರೆಲ್ಲರ ಕಣ್ಣು ಬಿದ್ದ ನೆಲ. ರಾಯಚೂರು ಕೋಟೆಯ ನಲವತ್ತೊಂದಡಿಗೂ ಮಿಕ್ಕಿದ ಉದ್ದದ ಕಲ್ಲಿನ ಮೇಲೆ 1294ರ ಕಾಕತೀಯರ ಕಾಲದ ಶಾಸನವಿದೆ. 1520ರಲ್ಲಿ ಕೃಷ್ಣದೇವರಾಯ ಇದೇ ಕೋಟೆಗಾಗಿ ಬಿಜಾಪುರದ ಸುಲ್ತಾನನೊಡನೆ ಕಾದಿದ. ನಿಜಾಮರ ಕೈಸೇರಿದ ಮೇಲೆಯೂ 1853ರಿಂದ 1860ರವರೆಗೆ ಏಳು ವರ್ಷ ಇದು ಇಂಗ್ಲಿಷರ ಆಡಳಿತದಲ್ಲಿದ್ದು ಮತ್ತೆ ಹೈದರಾಬಾದಿಗೆ ಮರಳಿತು. ಆ ಏಳು ವರ್ಷಗಳು ಹಾಗೆಯೇ ಮುಂದುವರಿದಿದ್ದರೆ, ರಾಯಚೂರು ಬಳ್ಳಾರಿಯಂತೆಯೇ 1947ರ ಆಗಸ್ಟ್ 15ರಂದು ಸ್ವತಂತ್ರವಾಗುತ್ತಿತ್ತು. ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ. 1947ರಲ್ಲಿ ರಾಯಚೂರು ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದು. ಪಶ್ಚಿಮದಲ್ಲಿ ಕೊಪ್ಪಳ, ಯಲಬುರ್ಗಿ, ಕುಷ್ಟಗಿಗಳೂ ಪೂರ್ವದಲ್ಲಿ ತೆಲುಗು ನಾಡಿನ ಗದ್ವಾಲ, ಆಲಂಪುರಗಳೂ ಅದರೊಳಗಿದ್ದವು. ಜಿಲ್ಲೆಯ ಮುಖ್ಯಾಧಿಕಾರಿಗೆ ಅವ್ವಲ್ ತಾಲೂಕ್‌ದಾರ್ ಎಂಬ ಹೆಸರು. ಕಚೇರಿಯ ಭಾಷೆ ಉರ್ದು, ಮಾರುಕಟ್ಟೆಯ ನಾಣ್ಯ ಹಾಲಿ ಸಿಕ್ಕಾ. ಏಳು ಹಾಲಿ ಸಿಕ್ಕಾ ರೂಪಾಯಿಗೆ ಆರು ಕಲ್ದಾರ ರೂಪಾಯಿ ಎಂಬುದು ವಿನಿಮಯದ ದರ. ಗಡಿಗಳಲ್ಲಿ ಕರೋಡಗಿರಿ ನಾಕಾಗಳಿದ್ದು, ಒಳಬರುವ ಹೊರಹೋಗುವ ಸರಕಿನ ಮೇಲೆ ಸುಂಕ ವಸೂಲಾಗುತ್ತಿತ್ತು.

ಜಿಲ್ಲೆಯ ಭೂಪಟವನ್ನು ಮುಂದಿಟ್ಟುಕೊಂಡು ನೋಡಬೇಕು. ರಾಯಚೂರು ನಗರಕ್ಕೆ ರೈಲುದಾರಿಯುಂಟು. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಕಂಬಿಯೂ ಮದರಾಸಿನ ಕಡೆಯಿಂದ ಬಂದ ಕಂಬಿಯೂ ಕೂಡಿಕೊಂಡದ್ದು ಈ ಊರಿನಲ್ಲಿಯೇ. ಇಲ್ಲಿಂದ ದಕ್ಷಿಣಕ್ಕೆ ಹೊರಟ ಗಾಡಿ ತುಂಗಭದ್ರೆಯ ಸೇತುವೆಯನ್ನು ದಾಟಿದೊಡನೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿರುತ್ತಿತ್ತು. ಮಾನ್ವಿಗೆ ರೈಲಿಲ್ಲ, ಆದರೆ ತಾಲ್ಲೂಕಿನ ದಕ್ಷಿಣದ ಅಂಚೇ ತುಂಗಭದ್ರೆ, ಆಚೆಯ ದಂಡೆ ಅದೇ ಬಳ್ಳಾರಿ ಜಿಲ್ಲೆ. ದೇವದುರ್ಗಕ್ಕೂ ಹೊಳೆಯಿದೆ. ಅದು ಕೃಷ್ಣೆ. ಕೃಷ್ಣೆಯಾಚೆಗಿನ ಸುರಪುರ, ಶಹಾಪುರಗಳು ಗುಲ್ಬರ್ಗಾ ಜಿಲ್ಲೆಯವಾಗಿದ್ದು, ಅವೂ ನಿಜಾಮನ ಆಡಳಿತದವೇ. ದೇವದುರ್ಗದವನು ಹೊಳೆ ದಾಟಿದರೂ ಸಂಸ್ಥಾನದೊಳಗೇ ಇರುತ್ತಿದ್ದ. ಮುಂದೆ ಹೇಳುವ ಸಂಗತಿಗಳೆಲ್ಲ ಬಹುಮಟ್ಟಿಗೆ ಈ ಒಂದು ಭೇದದಿಂದ ಹುಟ್ಟಿದವು.

ಸಂಸ್ಥಾನದ ರಾಜಕಾರಣವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಎಲ್ಲ ಪಠ್ಯಗಳಲ್ಲಿಯೂ ಅದು ದೊರೆಯುತ್ತದೆ. ಬ್ರಿಟಿಷರು ಹೊರಟೊಡನೆ ತಾನು ಸ್ವತಂತ್ರ ಅರಸನಾಗುವೆನೆಂದು ಮೀರ್ ಉಸ್ಮಾನ್ ಅಲಿ ಖಾನ್ 1947ರ ಜೂನಿನಲ್ಲಿ ಫರ್ಮಾನು ಹೊರಡಿಸಿದ. 1938ರಲ್ಲಿ ಹುಟ್ಟುವಾಗಲೇ ನಿಷೇಧಕ್ಕೊಳಗಾಗಿ, 1946ರಲ್ಲಿ ನಿಷೇಧದಿಂದ ಬಿಡುಗಡೆ ಹೊಂದಿದ್ದ ಸ್ಟೇಟ್ ಕಾಂಗ್ರೆಸ್ಸು ಸ್ವಾಮಿ ರಾಮಾನಂದ ತೀರ್ಥರ ನಾಯಕತ್ವದಲ್ಲಿ ಆಗಸ್ಟ್ 7ನ್ನು ಭಾರತ ಒಕ್ಕೂಟಕ್ಕೆ ಸೇರುವ ಬೇಡಿಕೆಯ ದಿನವಾಗಿ ಆಚರಿಸಿತು. ಆಗಸ್ಟ್ 15ರಂದು ಸ್ವಾಮೀಜಿಯವರ ಬಂಧನವಾಯಿತು. ನವೆಂಬರ್ 29ರಂದು ಒಂದು ವರ್ಷದ ಅವಧಿಗೆ ಯಥಾಸ್ಥಿತಿ ಒಪ್ಪಂದ ಆಯಿತು. ಅಷ್ಟರಲ್ಲಿ ಕಾಸಿಂ ರಜ್ವಿಯ ರಜಾಕಾರರು ಬಲಗೊಂಡಿದ್ದರು. ಮೀರ್ ಲಾಯಿಕ್ ಅಲಿ ಪ್ರಧಾನಿಯಾದ, ಕೆ. ಎಂ. ಮುನ್ಷಿಯವರು ಭಾರತದ ಪ್ರತಿನಿಧಿಯಾಗಿ ಹೈದರಾಬಾದಿಗೆ ಬಂದರು. ಮಾತುಕತೆಗಳು ಮುರಿಯುತ್ತ ಕೂಡುತ್ತ 1948ರ ಬೇಸಿಗೆಯವರೆಗೆ ನಡೆದವು.

ರಾಯಚೂರು ನಗರ ಆ ವರ್ಷವನ್ನು ಪ್ರವೇಶಿಸಿದ್ದು ಸಿದ್ಧತೆಯಿಲ್ಲದೆ ಅಲ್ಲ. ಪಂಡಿತ ತಾರಾನಾಥರು 1920ರ ಸುಮಾರಿನಲ್ಲಿ ಇಲ್ಲಿ ಸ್ಥಾಪಿಸಿದ ಹಮ್‌ದರ್ದ್ ಶಾಲೆ ಹಿಂದೂ ಮುಸಲ್ಮಾನ ಮಕ್ಕಳನ್ನು ಒಟ್ಟಿಗೆ ಕೂಡಿಸಿ ರಾಷ್ಟ್ರೀಯ ಶಿಕ್ಷಣವನ್ನು ಕೊಡಲು ಹುಟ್ಟಿದ್ದು. ಹೆಸರು ಉರ್ದುವಿನದು, ಅರ್ಥ, ಇನ್ನೊಬ್ಬರ ನೋವಿನಲ್ಲಿ ಪಾಲುಗಾರನಾದವನು. ತಾರಾನಾಥರು ಮುಂದೆ ಹೊಳೆಯಾಚೆಯ ತುಂಗಭದ್ರಾ ಗ್ರಾಮದಲ್ಲಿ ಪ್ರೇಮಾಯತನವೆಂಬ ಆಶ್ರಮವನ್ನು ಕಟ್ಟಿದರು, 1942ರಲ್ಲಿ ತೀರಿಕೊಂಡರು. ಒಂದೇ ಮನುಷ್ಯನ ಕೆಲಸ ಹೊಳೆಯ ಎರಡು ದಂಡೆಗಳಲ್ಲಿ, ಎರಡು ಸರ್ಕಾರಗಳ ಕೆಳಗೆ ನಡೆಯಿತೆಂಬುದು ಈ ಪ್ರದೇಶದ ಬದುಕಿಗೆ ಒಳ್ಳೆಯ ಸಾಕ್ಷ್ಯ. ಕನ್ನಡದ ಎಚ್ಚರವೂ ಇಲ್ಲಿ ಹಳೆಯದು: 1934ರಲ್ಲಿಯೇ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲಿ ನಡೆದಿತ್ತು. ಉರ್ದು ಆಡಳಿತದ ನಡುವೆ ಅಂಥ ಸಮ್ಮೇಳನಕ್ಕಾಗಿ ಹೊರಗಿನ ಕನ್ನಡಿಗರು ಬಂದಿಳಿದದ್ದು ಇದೇ ರೈಲು ನಿಲ್ದಾಣದಲ್ಲಿ.

1947ರ ಆಗಸ್ಟ್ 14ರ ರಾತ್ರಿ ನಗರದ ಕೆಲವು ತರುಣರು ಜಿಲ್ಲಾ ಕಚೇರಿಯ ಮೇಲೆ ತ್ರಿವರ್ಣ ಧ್ವಜವನ್ನು ಏರಿಸಿ ಸೆರೆಯಾದರು. ಈ ಪ್ರಸಂಗವನ್ನು ಜಿಲ್ಲೆಯ ಚರಿತ್ರೆಯಲ್ಲಿ ಸಾಮಾನ್ಯವಾಗಿ ಸಾಹಸವಾಗಿ ವರ್ಣಿಸುವುದು ರೂಢಿ. ಸಾಹಸವೇನೋ ಹೌದು. ಆದರೆ ನಮ್ಮ ಗಮನವನ್ನು ಹೆಚ್ಚಾಗಿ ಸೆಳೆಯುವುದು ಅವರು ಆರಿಸಿಕೊಂಡ ಗಳಿಗೆ. ಅದು ದೆಹಲಿಯಲ್ಲಿ ಸಂವಿಧಾನ ಸಭೆ ಕೂಡಿದ ಗಳಿಗೆ. ರೈಲು, ತಂತಿ, ವೃತ್ತಪತ್ರಿಕೆಗಳಿಂದ ಹೊರಗಿನ ಲೋಕಕ್ಕೆ ಕಟ್ಟಿಕೊಂಡಿದ್ದ ಒಂದು ಊರು ಮಾತ್ರ ಹಾಗೆ ದೆಹಲಿಯ ಗಡಿಯಾರಕ್ಕೆ ತನ್ನ ಗಡಿಯಾರವನ್ನು ಹೊಂದಿಸಿಕೊಳ್ಳಬಲ್ಲದು. ರಾಯಚೂರು ನಗರದ ವರ್ಷ ಆದಿಯಿಂದ ಕೊನೆಯವರೆಗೆ ಹೀಗೆ ತಾರೀಖುಗಳ ವರ್ಷವಾಗಿಯೇ ನಡೆಯಿತು. 1948ರ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾದಾಗ, ಮೇ 22ರಂದು ಇದೇ ಕಂಬಿಯ ಮೇಲಿನ ಗಾಣಗಾಪುರ ನಿಲ್ದಾಣದಲ್ಲಿ ಮದರಾಸು–ಮುಂಬಯಿ ಮೇಲ್ ಗಾಡಿಯ ಪ್ರಯಾಣಿಕರ ಮೇಲೆ ಹಲ್ಲೆ ನಡೆದಾಗ, ಸುದ್ದಿ ಈ ಊರಿಗೆ ತಲಪುವುದಕ್ಕೆ ತಡವಾಗಬೇಕಾದ ಕಾರಣವಿರಲಿಲ್ಲ. ಗಾಣಗಾಪುರದ ಘಟನೆ ಭಾರತ ಸರ್ಕಾರ ಹೈದರಾಬಾದಿನ ಮೇಲೆ ಹೊರಿಸಿದ ಆಪಾದನೆಗಳಲ್ಲಿ ಪ್ರಮುಖವಾದುದು. ರೈಲು ರಾಯಚೂರಿಗೆ ರಕ್ಷೆಯೂ ಆಗಿತ್ತು, ಭಯವೂ ಆಗಿತ್ತು.

ಮಾನ್ವಿಯ ಸಂಗತಿ ಬೇರೆ; ನಮಗೆ ಅದು ಹೆಚ್ಚು ಸ್ವಾರಸ್ಯವಾದುದೆಂದು ತೋರುತ್ತದೆ. ತುಂಗಭದ್ರೆ ಭೂಪಟದಲ್ಲಿ ಗಡಿಯಾಗಿತ್ತೇ ಹೊರತು ಜನಜೀವನದಲ್ಲಿ ಎಂದೂ ಗಡಿಯಾಗಿರಲಿಲ್ಲ. ದಾಸಸಾಹಿತ್ಯವನ್ನೋದಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ವಿಜಯದಾಸರು ಹುಟ್ಟಿದ್ದು ಮಾನ್ವಿ ತಾಲ್ಲೂಕಿನ ಚೀಕಲಪರವಿಯಲ್ಲಿ, ಅವರ ಹೆಸರಿನೊಂದಿಗೆ ಕೂಡಿಕೊಂಡ ಚಿಪ್ಪಗಿರಿ ಹೊಳೆಯಾಚೆ. ಜಗನ್ನಾಥದಾಸರ ಬ್ಯಾಗವಾಟ ಈಚೆ, ಮಂತ್ರಾಲಯ ಆಚೆ. ರಾಯಚೂರು ತಾಲ್ಲೂಕಿನ ಗಾಣಧಾಳದ ಪಂಚಮುಖಿಗೂ ಮಂತ್ರಾಲಯಕ್ಕೂ ನಡುವೆ ಇರುವುದು ಈ ಹೊಳೆಯೇ. ಶತಮಾನಗಳಿಂದ ಭಕ್ತರು ಹರಿಗೋಲಿನಲ್ಲಿ ದಾಟಿದ ದಾರಿ ಅದು. 1947ರಲ್ಲಿ ಅಧಿಕ ಶ್ರಾವಣ ಬಂದುದರಿಂದ ಮಂತ್ರಾಲಯದ ಆರಾಧನೆ ಸೆಪ್ಟೆಂಬರಿನ ಮೊದಲ ದಿನಗಳಿಗೆ ಸರಿಯಿತು. ಆಗಸ್ಟ್ 15ಕ್ಕೆ ಮೊದಲು ಬರುವ ಆರಾಧನೆಗಾದರೆ ಒಬ್ಬ ಅರಸನ ನೆಲದಿಂದ ಇನ್ನೊಂದು ಪ್ರಾಂತಕ್ಕೆ ಹೋದಂತಾಗುತ್ತಿತ್ತು, ಅಷ್ಟೆ. ಆ ಸಲ ಹೊಳೆ ದಾಟಿದ ಭಕ್ತನು ಸ್ವತಂತ್ರ ಭಾರತದಲ್ಲಿ ಕಾಲಿಟ್ಟನು. ತೀರ್ಥಪ್ರಸಾದ ಸ್ವೀಕರಿಸಿ ಮರಳುವಾಗ ಮತ್ತೆ ನಿಜಾಮನ ಪ್ರಜೆಯಾದನು.

ಇದೇ ಹೊಳೆ ಆ ವರ್ಷದ ಚಳಿಗಾಲದ ಹೊತ್ತಿಗೆ ಹೋರಾಟದ ದಾರಿಯಾಯಿತು. ಸಂಸ್ಥಾನದೊಳಗೆ ಬಹಿರಂಗ ಚಟುವಟಿಕೆ ಅಸಾಧ್ಯವಾದ ಮೇಲೆ ಕಾರ್ಯಕರ್ತರು ಭಾರತದ ನೆಲದಲ್ಲಿ ಗಡಿ ಶಿಬಿರಗಳನ್ನು ಹೂಡಿದರು. ಪಶ್ಚಿಮದಲ್ಲಿ ಅಂದಿನ ಧಾರವಾಡ ಜಿಲ್ಲೆಯ ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳ ಶಿಬಿರ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರ, ದಕ್ಷಿಣದಲ್ಲಿ ತುಂಗಭದ್ರೆಯ ಬಳ್ಳಾರಿ ದಂಡೆಯ ಕಂಪ್ಲಿಯಂಥ ಊರುಗಳಲ್ಲಿ ಇತರ ಶಿಬಿರಗಳು. ಕರೋಡಗಿರಿ ನಾಕಾಗಳ ಮೇಲೆ, ಪೋಲೀಸು ಠಾಣೆಗಳ ಮೇಲೆ ಇವರ ದಾಳಿಗಳು ನಡೆದವು. ಅಬಕಾರಿಯ ಆದಾಯಕ್ಕೆ ಪೆಟ್ಟು ಕೊಡಲು ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹ, ರೈತರಿಂದ ಬಲವಂತವಾಗಿ ಕಾಳು ಅಳೆಸಿಕೊಳ್ಳುವ ಲೆವಿಗೆ ವಿರೋಧ, ಇವೂ ಕಾರ್ಯಕ್ರಮದಲ್ಲಿ ಸೇರಿದ್ದವು. ಶಿಬಿರಗಳ ಚರಿತ್ರೆಯಲ್ಲಿ ಕೊಪ್ಪಳ ಯಲಬುರ್ಗಿಗಳ ಹೆಸರು ಹೆಚ್ಚಾಗಿ ಬರುವುದಕ್ಕೂ ಕಾರಣ ಭೂಗೋಳವೇ. ಅಲ್ಲಿ ಗಡಿ ನೆಲದ ಮೇಲಿನದು, ನಡೆದು ದಾಟಬಹುದಾದದ್ದು. ಮಾನ್ವಿಯಲ್ಲಿ ನಡುವೆ ನೀರು. ಬೇಸಿಗೆಯಲ್ಲಿ ಅದು ಮರಳ ಹಾಸು, ಮಳೆಗಾಲದಲ್ಲಿ ತುಂಬಿದ ಹೊಳೆ. ಎಂದರೆ ಮಾನ್ವಿಯ ಪಾಲಿನ ಭಾರತ ಮಾಗಿಯಿಂದ ಬೇಸಿಗೆಯ ತನಕ ಹತ್ತಿರವಿದ್ದು, ಮುಂಗಾರು ಹಿಡಿದೊಡನೆ ದೂರವಾಗುತ್ತಿತ್ತು.

ವ್ಯಾಪಾರಕ್ಕೆ ತಗುಲಿದ ಪೆಟ್ಟನ್ನೂ ಇಲ್ಲಿ ಹೇಳಬೇಕು. ಯಥಾಸ್ಥಿತಿ ಒಪ್ಪಂದದ ಶಾಯಿ ಆರುವ ಮೊದಲೇ ಹೈದರಾಬಾದು ಸರ್ಕಾರವು ಭಾರತದ ನಾಣ್ಯವನ್ನು ಸಂಸ್ಥಾನದಲ್ಲಿ ಚಲಾವಣೆಗೆ ಅನರ್ಹವೆಂದು ಕಟ್ಟಳೆ ಮಾಡಿತು. ದೆಹಲಿಯ ಮಾತುಕತೆಗಳ ಮಟ್ಟದಲ್ಲಿ ಇದು ಒಪ್ಪಂದದ ಉಲ್ಲಂಘನೆಯ ಪ್ರಶ್ನೆ. ಎರಡೂ ದಂಡೆಗಳ ಸಂತೆಗಳಿಗೆ ಹೋಗಿಬಂದು ಎರಡು ಚೀಲಗಳಲ್ಲಿ ಎರಡು ನಾಣ್ಯ ಇಟ್ಟುಕೊಂಡು ಬದುಕುವ ಹೊಳೆಸಾಲಿನ ವ್ಯಾಪಾರಿಗೆ ಅದು ದಿನದ ಗಂಜಿಯ ಪ್ರಶ್ನೆ. 1948ರಲ್ಲಿ ಭಾರತದ ಕಡೆಯಿಂದ ಸರಕುಗಳಿಗೆ ದಿಗ್ಬಂಧನ ಬಿದ್ದಾಗ ಅದೇ ವ್ಯಾಪಾರಿ ಇನ್ನೊಂದು ಕಡೆಯಿಂದಲೂ ಪೆಟ್ಟು ತಿಂದ. ಇಷ್ಟರ ನಡುವೆಯೂ ಒಂದು ವಿಚಿತ್ರವನ್ನು ಗಮನಿಸಬೇಕು. 1945ರಲ್ಲಿ ಹೈದರಾಬಾದು ಮದರಾಸು ಸರ್ಕಾರಗಳೆರಡೂ ಸೇರಿ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟಿಗೆ ಅಸ್ತಿಭಾರ ಹಾಕಿದ್ದವು. ಒಂದೇ ಹೊಳೆಯ ಎರಡು ದಂಡೆಗಳಲ್ಲಿ ಒಂದೇ ಗೋಡೆಯನ್ನು ಕಟ್ಟಲು ಕೈಹಾಕಿದ್ದ ಎರಡು ಸರ್ಕಾರಗಳು ಅದೇ ಹೊಳೆಯ ಕೆಳಭಾಗದಲ್ಲಿ ವೈರಿಗಳಾಗಿ ನಿಂತಿದ್ದವು. 1953ರಲ್ಲಿ ನೀರು ಬಿಟ್ಟ ಆ ಅಣೆಕಟ್ಟಿನ ಎಡದಂಡೆ ಕಾಲುವೆಯೇ ಮುಂದೆ ಸಿಂಧನೂರು ಮಾನ್ವಿಗಳ ಜೋಳದ ಹೊಲಗಳನ್ನು ಬತ್ತದ ಗದ್ದೆಗಳನ್ನಾಗಿ ಮಾಡಿತು.

ದೇವದುರ್ಗಕ್ಕೆ ಬಂದಾಗ ಇತಿಹಾಸಕಾರನ ಲೇಖನಿ ತಡೆಯುತ್ತದೆ. ಗಬ್ಬೂರಿನ ಗುಡಿಗಳೂ ಶಾಸನಗಳೂ ಈ ತಾಲ್ಲೂಕಿನ ಪ್ರಾಚೀನತೆಗೆ ಸಾಕ್ಷಿ. ಗೋಪಾಲದಾಸರ ಮೊಸರಕಲ್ಲು ಇಲ್ಲಿದೆ. ಬೇಡ ನಾಯಕರ ಕೋಟೆಯಿದೆ. ಕೃಷ್ಣೆಯಾಚೆಯ ಸುರಪುರದ ವೆಂಕಟಪ್ಪ ನಾಯಕ 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದು ಪ್ರಾಣ ತೆತ್ತ ಕಥೆ ಈ ದಂಡೆಯಲ್ಲಿಯೂ ಮನೆಮಾತು. ಹೀಗಿದ್ದೂ 1947–48ರ ಹೋರಾಟವನ್ನು ಕುರಿತ ಬರಹಗಳಲ್ಲಿ ದೇವದುರ್ಗದ ಹೆಸರು ವಿರಳ. ಇಲ್ಲಿಯ ಜನ ಸುಮ್ಮನಿದ್ದರೆಂದು ಇದರಿಂದ ತೀರ್ಮಾನಿಸುವುದು ಅವಸರದ ಮಾತಾದೀತು. ದೇವದುರ್ಗದವನು ಭಾರತದ ನೆಲವನ್ನು ಮುಟ್ಟಬೇಕಾದರೆ ದಕ್ಷಿಣಕ್ಕೆ ಇಡೀ ಮಾನ್ವಿ ತಾಲ್ಲೂಕನ್ನು ಹಾದು ತುಂಗಭದ್ರೆಗೆ ಬರಬೇಕು, ಇಲ್ಲವೇ ಪೂರ್ವಕ್ಕೆ ರಾಯಚೂರಿಗೆ ನಡೆದು ರೈಲು ಹಿಡಿಯಬೇಕು, ಇಲ್ಲವೇ ಪಶ್ಚಿಮಕ್ಕೆ ಬಹು ದೂರ ನಡೆದು ಬಿಜಾಪುರ ಜಿಲ್ಲೆಯನ್ನು ಸೇರಬೇಕು. ಮೂರು ದಾರಿಗಳೂ ಸಂಸ್ಥಾನದ ಠಾಣೆಗಳ ನಡುವೆಯೇ. ಹೋಗಲಾರದವನು ಊರಿನಲ್ಲಿಯೇ ಉಳಿದ, ಲೆವಿ ಅಳೆದ, ಬಂದವರಿಗೆ ಬಾಗಿಲು ತೆರೆದ ಅಥವಾ ಮುಚ್ಚಿದ. ದಾಟಬಲ್ಲವನು ಶಿಬಿರ ಸೇರಿದ. ಶಿಬಿರದಲ್ಲಿ ಹೆಸರು ಬರೆದುಕೊಂಡರು, ಮುಂದೆ ನೆನಪುಗಳನ್ನು ಬರೆದರು, ಸನ್ಮಾನಗಳಾದವು. ಹೊಳೆ ದಾಟಿದವರ ಇತಿಹಾಸವೇ ಇಡೀ ಪ್ರದೇಶದ ಇತಿಹಾಸವಾಗಿ ನಿಂತದ್ದು ಹೀಗೆ.

ಇದು ಬರಿಯ ವಿದ್ವಾಂಸರ ಚರ್ಚೆಯಲ್ಲ. ಸ್ವಾತಂತ್ರ್ಯ ಹೋರಾಟಗಾರರಿಗೆ ನಿವೃತ್ತಿವೇತನ ಕೊಡುವ ಕೇಂದ್ರ ಸರ್ಕಾರದ ಯೋಜನೆ 1972ರಲ್ಲಿ ಬಂತು. ಹೈದರಾಬಾದಿನ ಗಡಿ ಶಿಬಿರಗಳಲ್ಲಿದ್ದವರನ್ನೂ ಆಮೇಲೆ ಅದರ ವ್ಯಾಪ್ತಿಗೆ ತರಲಾಯಿತು. ಸೆರೆಮನೆಯ ದಾಖಲೆಯೋ ಶಿಬಿರದ ಪ್ರಮಾಣಪತ್ರವೋ ಅದಕ್ಕೆ ಬೇಕು. ಒಳನಾಡಿನ ಹಳ್ಳಿಯಲ್ಲಿ ರಾತ್ರಿಯ ಹೊತ್ತು ಕಾರ್ಯಕರ್ತನೊಬ್ಬನಿಗೆ ರೊಟ್ಟಿ ಕಟ್ಟಿಕೊಟ್ಟ ಹೆಣ್ಣುಮಗಳಿಗೆ ಯಾರು ಪ್ರಮಾಣಪತ್ರ ಕೊಡಬೇಕು? ಗಡಿಗೆ ಹತ್ತಿರವಿದ್ದುದು ಹೀಗೆ ಅರ್ಧ ಶತಮಾನದವರೆಗೂ ಜನರ ಬದುಕಿನಲ್ಲಿ ಎಣಿಕೆಗೆ ಬಂತು.

1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ಕೊಲೆಗಳಾದವು. ಆಗಸ್ಟ್ 22ರಂದು ಭಾರತ ಒಕ್ಕೂಟಕ್ಕೆ ಸೇರಬೇಕೆಂದು ಬರೆಯುತ್ತಿದ್ದ ಇಮ್ರೋಜ್ ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಹೈದರಾಬಾದಿನಲ್ಲಿ ಹತನಾದ. ಆ ಕೊಲೆಗೆ ಹಿಂದಿನ ದಿನವೇ ನಿಜಾಮನ ಸರ್ಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಸಲ್ಲಿಸಿತ್ತು. ಕೊನೆಗೆ ಸೆಪ್ಟೆಂಬರ್ 13ರ ಬೆಳಗಿನ ಜಾವ ಭಾರತದ ಸೇನೆ ಹಲವು ದಿಕ್ಕುಗಳಿಂದ ಒಳಹೊಕ್ಕಿತು. ಮುಖ್ಯ ದಳ ಸೊಲ್ಲಾಪುರದ ಕಡೆಯಿಂದ ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಕೈಕೆಳಗೆ ಹೊರಟಿತು. ನಮ್ಮ ಕಡೆಯಲ್ಲಿ ಹೊಸಪೇಟೆಯ ದಿಕ್ಕಿನಲ್ಲಿ ಮೈಸೂರು ಪದಾತಿದಳವು ರಜಾಕಾರರೂ ಪಠಾಣರೂ ಹಿಡಿದಿದ್ದ ಸಕ್ಕರೆ ಕಾರ್ಖಾನೆಯನ್ನು ವಶಪಡಿಸಿಕೊಂಡಿತು. ತುಂಗಭದ್ರಾದಲ್ಲಿ ಗೂರ್ಖಾ ದಳ ಹೈದರಾಬಾದು ಸೈನ್ಯದಿಂದ ಸೇತುವೆಯನ್ನು ಕಿತ್ತುಕೊಂಡಿತು. ಮಳೆಯ ನಕ್ಷತ್ರಗಳ ಲೆಕ್ಕದಲ್ಲಿ ಸೆಪ್ಟೆಂಬರ್ 13ರ ಸುಮಾರಿಗೆ ಹುಬ್ಬಿ ಮುಗಿದು ಉತ್ತರಿ ಹುಟ್ಟುತ್ತದೆ. ಎರೆಭೂಮಿಯ ಒಕ್ಕಲಿಗ ಹಿಂಗಾರಿ ಬಿಳಿಜೋಳದ ಬಿತ್ತನೆಗೆ ಕೂರಿಗೆಯನ್ನು ಸಜ್ಜುಗೊಳಿಸುವ ಕಾಲ. ಸೈನ್ಯದ ಇತಿಹಾಸಗಳು ಆ ಐದು ದಿನಗಳನ್ನು ಗಂಟೆಗಳಲ್ಲಿ ಎಣಿಸುತ್ತವೆ. ಹೊಲದವನಿಗೆ ಅದು ಹದ ತಪ್ಪುವ ವಾರ.

ಸೆಪ್ಟೆಂಬರ್ 16ರಂದು ಪ್ಯಾರಿಸ್ಸಿನಲ್ಲಿ ಭದ್ರತಾ ಮಂಡಳಿ ಹೈದರಾಬಾದಿನ ದೂರನ್ನು ಕೈಗೆತ್ತಿಕೊಂಡಿತು. ಆ ದಿನಗಳಲ್ಲಿ ವಿಶ್ವಸಂಸ್ಥೆಯ ಮುಂದಿದ್ದ ಪ್ರಶ್ನೆಗಳಲ್ಲಿ ಗ್ರೀಸ್ ದೇಶದ್ದೂ ಒಂದು; ಅಲ್ಲಿಯ ಅಂತರ್ಯುದ್ಧದಲ್ಲಿ ನೆರೆಯ ದೇಶಗಳು ಕೈಹಾಕುತ್ತಿವೆಯೇ ಎಂದು ನೋಡಲು 1947ರಲ್ಲಿಯೇ ಒಂದು ಆಯೋಗ ನೇಮಕವಾಗಿತ್ತು. ಗಡಿಯಾಚೆಯ ನೆಲದಿಂದ ನಡೆಯುವ ಹೋರಾಟ ಒಳಗಿನದೋ ಹೊರಗಿನದೋ ಎಂಬ ವಾದ ಎರಡು ಕಡೆಯೂ ಇತ್ತು. ಆದರೆ ಹೈದರಾಬಾದಿನ ವಿಷಯ ಆ ಮಂಡಳಿಯ ಮುಂದೆ ಬೆಳೆಯಲಿಲ್ಲ. ಮರುದಿನವೇ, 17ರ ಸಂಜೆ, ಯುದ್ಧ ನಿಂತಿತು. 18ರಂದು ಮೇಜರ್ ಜನರಲ್ ಎಲ್ ಎದ್ರೂಸ್ ಶರಣಾಗತನಾದ. ಕೆಲವೇ ದಿನಗಳಲ್ಲಿ ನಿಜಾಮನು ದೂರನ್ನು ಹಿಂದಕ್ಕೆ ತೆಗೆದುಕೊಂಡುದಾಗಿ ತಿಳಿಸಿದ.

ಈ ವರ್ಷವನ್ನು ಬರೆಯುವವರು ಇಲ್ಲಿಗೆ ಲೇಖನಿಯನ್ನಿಡುವುದುಂಟು. ನಾವು ಹಾಗೆ ಮಾಡುವುದು ನ್ಯಾಯವಾಗದು. ಸೇನೆ ಬಂದ ಬೆನ್ನಿಗೆ ಸಂಸ್ಥಾನದ ಹಲವು ಭಾಗಗಳಲ್ಲಿ ಮುಸಲ್ಮಾನರ ಮೇಲೆ ಪ್ರತೀಕಾರದ ಹಿಂಸೆ ನಡೆಯಿತು. ಅದನ್ನು ವಿಚಾರಿಸಲು ಭಾರತ ಸರ್ಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಮಂಡಲಿ 1948ರ ಕೊನೆಯಲ್ಲಿ ಸಂಚರಿಸಿ, ಸತ್ತವರ ಸಂಖ್ಯೆ 27,000ದಿಂದ 40,000ದವರೆಗೆ ಇರಬಹುದೆಂದು ಅಂದಾಜು ಮಾಡಿತು. ಉಸ್ಮಾನಾಬಾದು, ಗುಲ್ಬರ್ಗಾ, ಬೀದರ, ನಾಂದೇಡ ಜಿಲ್ಲೆಗಳು ಎಲ್ಲಕ್ಕಿಂತ ಹೆಚ್ಚು ನೊಂದವೆಂದು ಅದು ಹೇಳಿತು. ಸರ್ಕಾರ ಆ ವರದಿಯನ್ನು ಪ್ರಕಟಿಸಲಿಲ್ಲ. ದಶಕಗಳ ಮೇಲೆ ಅದು ವಿದ್ವಾಂಸರ ಕೈಸೇರಿತು. ಆ ನಾಲ್ಕು ಹೆಸರುಗಳಲ್ಲಿ ರಾಯಚೂರು ಇಲ್ಲ. ಆದರೆ ಗುಲ್ಬರ್ಗಾ ಇದೆ. ದೇವದುರ್ಗದ ಹೊಳೆದಂಡೆಯಲ್ಲಿ ನಿಂತರೆ ಎದುರಿಗೆ ಕಾಣುತ್ತಿದ್ದುದು ಗುಲ್ಬರ್ಗಾ ಜಿಲ್ಲೆ. ಹಮ್‌ದರ್ದ್ ಎಂಬ ಹೆಸರಿನ ಶಾಲೆಯನ್ನು ಕಟ್ಟಿದ ಊರಿನವರಾದ ನಾವು ಗೋರ್ಟಾದ ಸತ್ತವರನ್ನೂ ಆ ಸೆಪ್ಟೆಂಬರಿನ ಸತ್ತವರನ್ನೂ ಒಂದೇ ವರ್ಷದ ಲೆಕ್ಕದಲ್ಲಿ ಬರೆಯಲು ಹಿಂಜರಿಯಬಾರದು.

ಸೆಪ್ಟೆಂಬರ್ 17ರ ಮೇಲೂ ಹಳೆಯ ವರ್ಷ ಬಹಳ ಕಾಲ ಮುಗಿಯಲಿಲ್ಲ. ಚೌಧುರಿಯವರ ಸೈನಿಕ ಆಡಳಿತ 1949ರ ಕೊನೆಯವರೆಗೆ ನಡೆಯಿತು. ಜಾಗೀರುಗಳನ್ನು ರದ್ದುಮಾಡಿದ 1949ರ ಆಗಸ್ಟಿನ ಕಾಯಿದೆಗೆ ಇಟ್ಟ ಇಸವಿ 1358 ಫಸಲಿ. ನಿಜಾಮನ ಗಣನೆಯಲ್ಲಿಯೇ ನಿಜಾಮನ ಜಾಗೀರುದಾರರ ಕಾಲ ಮುಗಿಯಿತು. ಹಾಲಿ ಸಿಕ್ಕಾ ಮತ್ತೂ ಕೆಲವು ವರ್ಷ ಸಂತೆಗಳಲ್ಲಿ ನಡೆಯಿತು. 1317 ಫಸಲಿಯ ಕಂದಾಯ ಕಾಯಿದೆ 1964ರಲ್ಲಿ ಹೊಸ ಕಾಯಿದೆ ಬರುವವರೆಗೂ ನಮ್ಮ ತಹಶೀಲು ಕಚೇರಿಗಳಲ್ಲಿ ಜೀವಂತವಾಗಿತ್ತು. ಆ ಕಾಲದ ತಾಲ್ಲೂಕು ಕಾಗದಗಳನ್ನು ಓದಬೇಕಾದರೆ ಉರ್ದು ಬರಬೇಕು, ಅದರಲ್ಲಿಯೂ ಶಿಕಸ್ತಾ ಎಂಬ ಮುರುಕು ಕೈಬರಹ ಬರಬೇಕು. ದೇವದುರ್ಗದ ವರ್ಷಕ್ಕೆ ಶಿಬಿರದ ಪಟ್ಟಿಗಳಿಲ್ಲದಿದ್ದರೂ ಕಂದಾಯ ಸರ್ಕಾರದ ಲೆವಿಯ ಲೆಕ್ಕ, ಠಾಣೆಯ ವರದಿ, ಸುಂಕದ ಚೀಟಿಗಳೆಂಬ ಇನ್ನೊಂದು ಬಗೆಯ ಸಾಮಗ್ರಿ ಇರುವುದು ಈ ಲಿಪಿಯಲ್ಲಿಯೇ. ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿಗಳು ಶಾಸನಕ್ಕಾಗಿ ಹಳಗನ್ನಡ ಲಿಪಿಯನ್ನು ಕಲಿಯುವಂತೆ, ತಮ್ಮ ಅಜ್ಜಂದಿರ ಕಾಲಕ್ಕಾಗಿ ಈ ಲಿಪಿಯನ್ನೂ ಕಲಿಯಬೇಕೆಂದು ನಾವು ಸೂಚಿಸುತ್ತೇವೆ.

ಹೊಳೆಯ ಗಡಿಯೂ ಒಮ್ಮೆಲೇ ಅಳಿಸಲಿಲ್ಲ. 1953ರ ಅಕ್ಟೋಬರ್ 1ರಂದು ತುಂಗಭದ್ರೆಯಾಚೆಯ ಬಳ್ಳಾರಿ ಜಿಲ್ಲೆ ಒಡೆಯಿತು: ಸಿರುಗುಪ್ಪ ಮೈಸೂರಿಗೆ ಹೋಯಿತು, ಆದೋನಿ ತಾಲ್ಲೂಕು ಆಂಧ್ರಕ್ಕೆ. ಮಾನ್ವಿ ಆಗ ಇನ್ನೂ ಹೈದರಾಬಾದು ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ, ಗದ್ವಾಲ ಆಲಂಪುರಗಳನ್ನು ಬಿಟ್ಟುಕೊಟ್ಟು, ಮೈಸೂರು ರಾಜ್ಯವನ್ನು ಸೇರಿತು. ಸಿರುಗುಪ್ಪಕ್ಕೂ ಮಾನ್ವಿಗೂ ಅಂದಿನಿಂದ ಒಂದೇ ಸರ್ಕಾರವಾಯಿತು. ಗಾಣಧಾಳದಿಂದ ಮಂತ್ರಾಲಯಕ್ಕೆ ಹೋಗುವವರು ಇಂದಿಗೂ ಹೊಳೆಯ ನಡುವೆ ಒಂದು ರಾಜ್ಯದ ಗಡಿಯನ್ನು ದಾಟುತ್ತಾರೆ.